ಮದುವೆ ಊಟದಲ್ಲಿ ಗೋಧಿ ಒಗ್ಗದ ಮಗು

“ಒಂದು ತುತ್ತು ತಿಂದರೆ ಏನಾಗುತ್ತದೆ?” ಮದುವೆ ಮನೆಯಲ್ಲಿ ಹಿರಿಯರು ಪ್ರೀತಿಯಿಂದಲೇ ಕೇಳುತ್ತಾರೆ. ಸೀಲಿಯಾಕ್ ಕಾಯಿಲೆಯಿರುವ ಮಗುವಿನ ತಾಯಿಗೆ ಉತ್ತರಿಸುವುದು ಕಷ್ಟ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಹೊಟ್ಟೆ ಸೇರಿದರೆ, ದೇಹದ ರೋಗನಿರೋಧಕ ಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಜೀವನಪೂರ್ತಿ ಪಥ್ಯವೊಂದೇ ಚಿಕಿತ್ಸೆ.

ಅನ್ನ ತಿನ್ನುವ ನಾಡಿನಲ್ಲಿ ಇದೇನು ಮಹಾ ಎನ್ನಬೇಡಿ. ಹೋಟೆಲಿನ ದೋಸೆಯನ್ನೇ ನೋಡಿ. ಅಕ್ಕಿ, ಉದ್ದು ಸರಿ. ಆದರೆ ಅದೇ ಕಾವಲಿಯಿಂದ ಈಗಷ್ಟೇ ರವೆ ದೋಸೆ ಎದ್ದಿರುತ್ತದೆ. ಸಾಂಬಾರಿನ ಪುಡಿ ಇಂಗಿಗೆ ಎಷ್ಟೋ ಕಡೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸಮೋಸ ಕರಿದ ಎಣ್ಣೆಯಲ್ಲೇ ಹಪ್ಪಳವೂ ಕರಿಯಲ್ಪಡುತ್ತದೆ. ಗೋಬಿ ಮಂಚೂರಿಗೆ ಮೈದಾ. ಅನೇಕ ಸೋಯಾ ಸಾಸುಗಳಲ್ಲೂ ಗೋಧಿ. ನಮ್ಮ ಹಲೀಮ್, ಶೀರ್ ಖುರ್ಮಾ ಬಿಡಿ, ಅವು ಗೋಧಿಯವೇ. ಬಿರಿಯಾನಿ, ಫಿರ್ನಿ, ಅಕ್ಕಿರೊಟ್ಟಿ ಆಗಬಹುದು, ಪರೋಟದ ಹಿಟ್ಟು ಮೆತ್ತಿದ ಕೈ, ಸೌಟು ತಾಗದಿದ್ದರೆ ಮಾತ್ರ.

ಸಪ್ಲೈಯರ್ ಬಳಿ “ಗ್ಲುಟೆನ್ ಇದೆಯೇ?” ಎಂದರೆ ಪ್ರಯೋಜನ ಕಡಿಮೆ. ಗೋಧಿ, ಮೈದಾ, ರವೆ, ಇಂಗು ಎಂದು ಹೆಸರು ಹಿಡಿದು, ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ ಅಡುಗೆಯವರನ್ನೇ ಕೇಳಿ. ನಮ್ಮ ದೇಶದಲ್ಲಿ ಪೊಟ್ಟಣದ ಆಹಾರಕ್ಕೆ ನಿಯಮವಿದೆ: ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರಷ್ಟೇ ‘ಗ್ಲುಟೆನ್ ಮುಕ್ತ’ ಎನ್ನಬಹುದು. ಹೋಟೆಲಿನ ತಟ್ಟೆಯ ಮೇಲೆ ಅಂತಹ ಚೀಟಿ ಎಲ್ಲಿಂದ ಬರಬೇಕು? ಇಟಲಿಯಲ್ಲಿ ಸೀಲಿಯಾಕ್ ರೋಗಿಗಳ ಸಂಘವೇ ಹೋಟೆಲಿನವರಿಗೆ ತರಬೇತಿ ಕೊಟ್ಟು, ಅಂತಹ ಹೋಟೆಲುಗಳ ಪಟ್ಟಿ ಇಡುತ್ತದೆ.

ಔತಣ ನಿಮ್ಮ ಮನೆಯಲ್ಲಾದರೆ, ಆ ಮಗುವಿನ ಪಾಲನ್ನು ಬಡಿಸುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಡಿ, ಸೌಟೂ ಬೇರೆ ಇರಲಿ. ತಾಯಿ ಬುತ್ತಿ ತಂದಿದ್ದರೆ ಬೇಸರ ಪಟ್ಟುಕೊಳ್ಳಬೇಡಿ.