ಮೆಣಸಿನಕಾಯಿ ಖಾರದಿಂದ ಸೋಲಾರ್ ಕರೆಂಟ್ ಹೆಚ್ಚುತ್ತದೆಯೇ? ಬ್ಯಾಡಗಿ ರೈತರಿಗೆ ಇದರಿಂದ ಲಾಭವಿದೆಯೇ?

ಮೆಣಸಿನಕಾಯಿಯ ಖಾರ ಸೇರಿಸಿದರೆ ಸೋಲಾರ್ ಪ್ಯಾನಲ್ ಹೆಚ್ಚು ಕರೆಂಟ್ ಕೊಡುತ್ತದೆ. ಈ ಮಾತು ಕೇಳಿದರೆ ಮೊದಲು ನಗು ಬರುತ್ತದೆ. ಆದರೆ ಇದು ಪೂರ್ತಿ ಕಟ್ಟುಕಥೆಯಲ್ಲ. 2021ರ ಜನವರಿಯಲ್ಲಿ ಜಗತ್ತಿನ ಹಲವು ವಿಜ್ಞಾನ ಜಾಲತಾಣಗಳು ಇದನ್ನು ನಿಜವಾದ ಸುದ್ದಿಯಾಗಿಯೇ ಪ್ರಕಟಿಸಿದ್ದವು.

ತೊಂದರೆ ಇರುವುದು ಸುದ್ದಿಯಲ್ಲಲ್ಲ, ಅದು ಮೊಬೈಲ್‌ನಿಂದ ಮೊಬೈಲ್‌ಗೆ ದಾಟುವ ರೀತಿಯಲ್ಲಿ. ಹಾವೇರಿ ಜಿಲ್ಲೆಯ ಒಂದು ವಾಟ್ಸಾಪ್ ಗುಂಪಿಗೆ ಬರುವ ಹೊತ್ತಿಗೆ ಇದು "ಬ್ಯಾಡಗಿ ಮೆಣಸಿನಕಾಯಿಗೆ ಚಿನ್ನದ ಬೆಲೆ ಬರಲಿದೆ" ಎಂದೋ, "ಈಗಿನ ಪ್ಯಾನಲ್ ಹಾಕಿಸಬೇಡಿ, ಹೊಸದು ಬರುತ್ತಿದೆ" ಎಂದೋ ಆಗಿಬಿಡಬಹುದು. ಒಂದನ್ನು ನಂಬಿ ರೈತರು ಮಾಲನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟುಕೊಂಡು ಕೂರುತ್ತಾರೆ. ಇನ್ನೊಂದನ್ನು ನಂಬಿದವರು ಸಿಗುತ್ತಿರುವ ಸಬ್ಸಿಡಿಯನ್ನು ಕೈಬಿಡುತ್ತಾರೆ. ಹಾಗಾಗಿ ಇದರಲ್ಲಿ ನಿಜ ಎಷ್ಟು ಎಂದು ನೋಡೋಣ.

ಸಂಶೋಧನೆಯಲ್ಲಿ ನಿಜವಾಗಿ ಏನಾಯಿತು?

ಶಾಂಘೈನ ಈಸ್ಟ್ ಚೀನಾ ನಾರ್ಮಲ್ ವಿಶ್ವವಿದ್ಯಾಲಯದ ಚಿನ್ಯೆ ಬಾವೊ ಮತ್ತು ಸ್ವೀಡನ್ನಿನ ಲಿನ್‌ಶಾಪಿಂಗ್ ವಿಶ್ವವಿದ್ಯಾಲಯದ ಮ್ಯಾಟ್ಸ್ ಫಾಲ್ಮನ್ ಅವರ ತಂಡ ಈ ಪ್ರಯೋಗ ಮಾಡಿತು. 'ಜೂಲ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮೆಣಸಿನಕಾಯಿಗೆ ಖಾರ ಕೊಡುವ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಪೆರೋವ್‌ಸ್ಕೈಟ್ ಎಂಬ ಹೊಸ ಬಗೆಯ ಸೋಲಾರ್ ಸೆಲ್ ತಯಾರಿಸುವಾಗ ಆ ದ್ರಾವಣಕ್ಕೆ ತೂಕದಲ್ಲಿ ಕೇವಲ 0.1% ಶುದ್ಧ ಕ್ಯಾಪ್ಸೈಸಿನ್ ಬೆರೆಸಿದರು. ಅದಿಲ್ಲದ ಸೆಲ್, ಬಿದ್ದ ಬೆಳಕಿನ 19.1% ಭಾಗವನ್ನು ವಿದ್ಯುತ್ ಮಾಡುತ್ತಿತ್ತು. ಬೆರೆಸಿದ ಮೇಲೆ ಅದು 21.88%ಕ್ಕೆ ಏರಿತು.

ಗಮನಿಸಿ: ಕರೆಂಟ್ ಬಂದದ್ದು ಬಿಸಿಲಿನಿಂದ, ಮೆಣಸಿನಕಾಯಿಯಿಂದ ಅಲ್ಲ. ಖಾರದ ಅಂಶ ಸೋರಿಕೆಯನ್ನು ಕಡಿಮೆ ಮಾಡಿತು, ಅಷ್ಟೆ.

ಪೆರೋವ್‌ಸ್ಕೈಟ್ ಎಂದರೇನು?

ಇದು ಮೂಲತಃ ಒಂದು ಖನಿಜದ ಹೆಸರು. 1839ರಲ್ಲಿ ರಷ್ಯಾದ ಉರಾಲ್ ಬೆಟ್ಟಗಳಲ್ಲಿ ಸಿಕ್ಕ ಈ ಖನಿಜಕ್ಕೆ ಲೆವ್ ಪೆರೋವ್‌ಸ್ಕಿ ಎಂಬವರ ಹೆಸರಿಟ್ಟರು. ಅದರಂತೆಯೇ ಅಣುಗಳ ಜೋಡಣೆ ಇರುವ ಎಲ್ಲ ವಸ್ತುಗಳನ್ನೂ ಈಗ ಇದೇ ಹೆಸರಿನಿಂದ ಕರೆಯುತ್ತಾರೆ. ಕನ್ನಡಿಗ ವಿಜ್ಞಾನಿ, ಭಾರತರತ್ನ ಸಿ.ಎನ್.ಆರ್. ರಾವ್ ಇದೇ ಜೋಡಣೆಯ ಆಕ್ಸೈಡ್‌ಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ.

ನಮ್ಮ ತಾರಸಿಗಳ ಮೇಲಿರುವ ಪ್ಯಾನಲ್‌ಗಳು ಸಿಲಿಕಾನ್‌ನವು. ಸಿಲಿಕಾನ್ ಹರಳು ಬೆಳೆಸಲು ಭಾರಿ ಶಾಖ ಬೇಕು. ಪೆರೋವ್‌ಸ್ಕೈಟ್ ಅನ್ನು ಕಡಿಮೆ ಶಾಖದಲ್ಲಿ, ಬಣ್ಣ ಬಳಿದ ಹಾಗೆ ತೆಳುವಾಗಿ ಬಳಿದು ಸೆಲ್ ಮಾಡಬಹುದು. 2009ರಲ್ಲಿ ಜಪಾನಿನ ಸುತೋಮು ಮಿಯಾಸಾಕಾ ಅವರ ತಂಡ ಮಾಡಿದ ಮೊದಲ ಸೆಲ್‌ನ ದಕ್ಷತೆ ಬರೀ 3.8% ಇತ್ತು. ಈಗ ಪ್ರಯೋಗಾಲಯದ ಪುಟ್ಟ ಸೆಲ್‌ಗಳು 26% ದಾಟಿವೆ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಪದರ ಕೂರಿಸಿದ ಜೋಡಿ ಸೆಲ್‌ಗಳು 34%ಕ್ಕೂ ಮೇಲೆ ಹೋಗಿವೆ.

ಇಷ್ಟು ಒಳ್ಳೆಯದಾದರೆ ಅಂಗಡಿಯಲ್ಲಿ ಏಕೆ ಸಿಗುವುದಿಲ್ಲ? ತೇವ ಮತ್ತು ಶಾಖ ತಗುಲಿದರೆ ಈ ವಸ್ತು ಬೇಗ ಹಾಳಾಗುತ್ತದೆ. ಹೆಚ್ಚಿನವುಗಳಲ್ಲಿ ಸೀಸವೂ ಇದೆ. ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಕಂಪನಿ 2024ರಲ್ಲಿ ಜೋಡಿ ಪ್ಯಾನಲ್‌ಗಳ ಮೊದಲ ಕಂತನ್ನು ಅಮೆರಿಕದ ಗ್ರಾಹಕರಿಗೆ ಕಳಿಸಿತು. ಅಂದರೆ ದಾರಿ ಶುರುವಾಗಿದೆ. ಆದರೆ ನಮ್ಮ ಬಿಸಿಲು, ಮಳೆಯಲ್ಲಿ 25 ವರ್ಷ ಬಾಳಿಕೆ ಬರುತ್ತದೆ ಎಂಬುದು ಇನ್ನೂ ಸಾಬೀತಾಗಬೇಕು.

ಖಾರದ ಅಂಶ ಮಾಡಿದ ಕೆಲಸವೇನು?

ಕಣವನ್ನು ನೆನಪಿಸಿಕೊಳ್ಳಿ. ನೆಲ ಬಿರುಕು ಬಿಟ್ಟಿದ್ದರೆ ಕಾಳು ಬಿರುಕಿನೊಳಗೆ ಬಿದ್ದು ಕೈಗೆ ಸಿಗುವುದಿಲ್ಲ. ಅದಕ್ಕೇ ಒಕ್ಕಣೆಗೆ ಮೊದಲು ಸಗಣಿಯಿಂದ ಸಾರಿಸುತ್ತಿದ್ದರು. ಬೆಳೆ ಹೆಚ್ಚಾಗುತ್ತಿರಲಿಲ್ಲ, ಕಾಳು ಪೋಲಾಗುವುದು ನಿಲ್ಲುತ್ತಿತ್ತು.

ಪೆರೋವ್‌ಸ್ಕೈಟ್ ಪದರದಲ್ಲೂ ಹೀಗೆಯೇ. ಅದು ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒತ್ತೊತ್ತಾಗಿ ಕೂತ ಪದರ. ಹರಳುಗಳ ಅಂಚಿನಲ್ಲಿ ಮತ್ತು ಮೇಲ್ಮೈಯಲ್ಲಿ ದೋಷಗಳಿರುತ್ತವೆ. ಬಿಸಿಲಿನಿಂದ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಆ ದೋಷಗಳಲ್ಲಿ ಸಿಕ್ಕಿಬಿದ್ದು ತಂತಿಗೆ ತಲುಪುವುದಿಲ್ಲ. ಕ್ಯಾಪ್ಸೈಸಿನ್ ಅಣು ಅಲ್ಲಿನ ಸೀಸದ ಅಯಾನುಗಳಿಗೆ ಅಂಟಿಕೊಂಡು ಬಿರುಕನ್ನು ಸಾರಿಸಿದಂತೆ ಮಾಡುತ್ತದೆ. ಜೊತೆಗೆ ಮೇಲ್ಮೈಯ ವಿದ್ಯುತ್ ಗುಣವನ್ನೇ ಬದಲಿಸಿ ಎಲೆಕ್ಟ್ರಾನ್‌ಗಳು ಸುಲಭವಾಗಿ ಸಾಗುವಂತೆ ಮಾಡುತ್ತದೆ ಎಂದು ತಂಡ ತೋರಿಸಿತು.

ಹಾಗಾದರೆ ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಬಳಕೆಯಾಗುತ್ತದೆಯೇ?

ಬ್ಯಾಡಗಿಗೆ ಹೆಸರು ಬಂದಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಮಸಾಲೆ ಪುಡಿಗೆ ಬಣ್ಣಕ್ಕೆಂದು ಬ್ಯಾಡಗಿ, ಖಾರಕ್ಕೆಂದು ಗುಂಟೂರು ಬೆರೆಸುವವರಿಗೆ ಇದು ಚೆನ್ನಾಗಿ ಗೊತ್ತು. ಬಣ್ಣ ಕೊಡುವ ವಸ್ತು ಕ್ಯಾಪ್ಸಾಂಥಿನ್, ಖಾರ ಕೊಡುವುದು ಕ್ಯಾಪ್ಸೈಸಿನ್. ಹೆಸರು ಹತ್ತಿರ, ಗುಣ ದೂರ. ಬಣ್ಣ ಇರುವುದು ಕಾಯಿಯ ಸಿಪ್ಪೆಯಲ್ಲಿ. ಖಾರ ಹೆಚ್ಚಾಗಿ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಡಬ್ಬಿಯಾಗಲಿ ಕಡ್ಡಿಯಾಗಲಿ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೇಡಿಕೆ ತಂದದ್ದು ಅದರ ಕೆಂಪು. ಆಹಾರಕ್ಕೆ, ಲಿಪ್‌ಸ್ಟಿಕ್‌ನಂಥ ವಸ್ತುಗಳಿಗೆ ಬೇಕಾದ ಬಣ್ಣದ ಓಲಿಯೋರೆಸಿನ್ ಅದರಿಂದ ಬರುತ್ತದೆ. ಖಾರದ ಅಂಶವೇ ಬೇಕಾದವರು ಕಡಿಮೆ ಖಾರದ ಕಾಯಿ ಹುಡುಕಿಕೊಂಡು ಬರುವುದಿಲ್ಲ.

ಬೆಲೆ ಏರುತ್ತದೆಯೇ? ಒಂದು ಲೆಕ್ಕ

ಮುಂದೊಂದು ದಿನ ಈ ತಂತ್ರ ಕಾರ್ಖಾನೆಗೆ ಬಂತು, ಅದೂ ಬ್ಯಾಡಗಿ ಕಾಯಿಯಿಂದಲೇ ಖಾರ ತೆಗೆದರು ಎಂದೇ ಇಟ್ಟುಕೊಳ್ಳೋಣ. ಪೆರೋವ್‌ಸ್ಕೈಟ್ ಪದರ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ತೆಳು. ಒಂದು ಚದರ ಮೀಟರಿಗೆ ಅಂದಾಜು 2 ಗ್ರಾಂ ವಸ್ತು ಸಾಕು. ಅದರಲ್ಲಿ 0.1% ಎಂದರೆ 2 ಮಿಲಿಗ್ರಾಂ ಕ್ಯಾಪ್ಸೈಸಿನ್. 3 ಕಿಲೋವ್ಯಾಟ್ ಪ್ಯಾನಲ್‌ಗೆ ಸುಮಾರು 15 ಚದರ ಮೀಟರ್ ಜಾಗ ಬೇಕು. ಅಂದರೆ ಒಂದು ಮನೆಗೆ 30 ಮಿಲಿಗ್ರಾಂ.

ಒಂದು ಕೋಟಿ ಮನೆಗಳಿಗೆ ಹಾಕಿದರೂ ಒಟ್ಟು 300 ಕೆಜಿ ಕ್ಯಾಪ್ಸೈಸಿನ್ ಸಾಕು. ಒಣ ಕಾಯಿಯಲ್ಲಿ ಅದು 0.05% ಇದೆ ಎಂದು ಹಿಡಿದರೆ 600 ಟನ್ ಮೆಣಸಿನಕಾಯಿ ಆಯಿತು. 40 ಕೆಜಿಯ ಚೀಲದ ಲೆಕ್ಕದಲ್ಲಿ 15,000 ಚೀಲ. ಸುಗ್ಗಿಯ ಕಾಲದಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಬರುವುದುಂಟು. ಇಡೀ ದೇಶದ ಕೋಟಿ ಮನೆಗಳ ಬೇಡಿಕೆ ಅಂಥ ಒಂದು ದಿನದ ಆವಕದ ಒಂದು ಮೂಲೆಗೂ ಸಾಲದು. ಮೇಲಾಗಿ ಕ್ಯಾಪ್ಸೈಸಿನ್ ಅನ್ನು ಮೆಣಸಿನಕಾಯಿಯೇ ಇಲ್ಲದೆ ರಾಸಾಯನಿಕವಾಗಿಯೂ ತಯಾರಿಸಬಹುದು.

ಈ ಲೆಕ್ಕ ಏಕೆ ಮುಖ್ಯ ಎಂದರೆ, ಇಲ್ಲಿ ಬೆಲೆಯ ಮಾತು ಬರೀ ಮಾತಲ್ಲ. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಎಲ್ಲರಿಗೂ ನೆನಪಿದೆ. ವರ್ಷದ ದುಡಿಮೆ ಚೀಲದಲ್ಲಿ ಕಟ್ಟಿಟ್ಟವರಿಗೆ ಸುಳ್ಳು ಆಸೆ ಹಂಚುವುದು ಸಣ್ಣ ತಪ್ಪಲ್ಲ. ಮಾಲು ಮಾರುವುದೋ ಇಡುವುದೋ ಎಂದು ತೀರ್ಮಾನಿಸಲು ಆವಕ, ಗುಣಮಟ್ಟ, ಆ ದಿನದ ಟೆಂಡರ್ ದರ ನೋಡಿ. ಸೋಲಾರ್ ಸುದ್ದಿ ನೋಡಿ ಅಲ್ಲ.

ಹೊಸ ಪ್ಯಾನಲ್ ಬರುವ ತನಕ ಕಾಯಬೇಕೇ?

ಕಾಯಬೇಕಿಲ್ಲ. ಈಗ ಸಿಗುವ ಒಳ್ಳೆಯ ಸಿಲಿಕಾನ್ ಪ್ಯಾನಲ್‌ಗಳ ದಕ್ಷತೆ 20%ರ ಆಸುಪಾಸಿನಲ್ಲಿದೆ. ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿಯೂ ಇರುತ್ತದೆ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಹೆಚ್ಚಿನದಕ್ಕೆ 78,000 ರೂಪಾಯಿ ಸಬ್ಸಿಡಿ ಘೋಷಿಸಲಾಗಿದೆ. ಹಾವೇರಿಯವರಾಗಲಿ ರಾಣೆಬೆನ್ನೂರಿನವರಾಗಲಿ, ಹಾಕಿಸುವ ಮುನ್ನ ಇವಿಷ್ಟು ನೋಡಿಕೊಳ್ಳಿ:

- ಅರ್ಜಿಯನ್ನು ಯೋಜನೆಯ ಅಧಿಕೃತ ಪೋರ್ಟಲ್‌ನಲ್ಲೇ ಹಾಕಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ. ಅನುಮಾನ ಬಂದರೆ ಹತ್ತಿರದ ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ.
- ಸಬ್ಸಿಡಿ ಹಣ ಪ್ಯಾನಲ್ ಅಳವಡಿಸಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. "ಸಬ್ಸಿಡಿ ಬಿಡಿಸಲು ಮೊದಲು ಹಣ ಕಟ್ಟಿ" ಎಂದವರನ್ನು ನಂಬಬೇಡಿ.
- ಪೋರ್ಟಲ್‌ನಲ್ಲಿ ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಿ.
- ಖಾರದ ಪುಡಿ, ಎಣ್ಣೆ, ಹೆಸರಿಲ್ಲದ "ನ್ಯಾನೋ ಕೋಟಿಂಗ್" ಯಾವುದನ್ನೂ ಪ್ಯಾನಲ್‌ಗೆ ಹಚ್ಚಬೇಡಿ. ಸೆಲ್ ಇರುವುದು ಗಾಜಿನ ಕೆಳಗೆ. ಮೇಲೆ ಹಚ್ಚಿದ್ದು ಬೆಳಕನ್ನು ತಡೆಯುತ್ತದೆ, ಅಷ್ಟೆ. ಧೂಳು ಕೂತರೆ ಬೆಳಗಿನ ತಂಪಿನಲ್ಲಿ ನೀರು ಮತ್ತು ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು.

ಇಂಥ ಸುದ್ದಿ ಬಂದಾಗ ಮೂರು ಪ್ರಶ್ನೆ

ಬ್ಯಾಟರಿ, ಗ್ರಾಫೀನ್, ನ್ಯಾನೋ ಪೇಂಟ್ ಎಂದು ದಿನಕ್ಕೊಂದು ಹೊಸ ವಸ್ತುವಿನ ಸುದ್ದಿ ಬರುತ್ತದೆ. 2025ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ 6 ನಿಮಿಷದಲ್ಲಿ 80% ಚಾರ್ಜ್ ಆಗುವ ಸೋಡಿಯಂ ಬ್ಯಾಟರಿಯನ್ನು ಪ್ರಕಟಿಸಿತು. ಅದೂ ನಿಜ. ಆದರೆ ಪ್ರಯೋಗಾಲಯದಲ್ಲಿ ಆದದ್ದು ಮರುದಿನವೇ ನಿಮ್ಮ ಮೊಬೈಲ್‌ಗೆ ಬರುವುದಿಲ್ಲ. ಫಾರ್ವರ್ಡ್ ಮಾಡುವ ಮುನ್ನ ಕೇಳಿ:

1. ಬಳಸಿದ್ದು ಯಾವ ವಸ್ತು, ಎಷ್ಟು? (ಇಲ್ಲಿ ಶುದ್ಧ ಕ್ಯಾಪ್ಸೈಸಿನ್, 0.1%. ಮೆಣಸಿನಕಾಯಿ ಅಲ್ಲ.)
2. ಎಲ್ಲಿ ಪರೀಕ್ಷಿಸಿದ್ದು, ಪ್ರಯೋಗಾಲಯದಲ್ಲೋ ಬಯಲಿನಲ್ಲೋ? (ಇಲ್ಲಿ ಪ್ರಯೋಗಾಲಯದ ಪುಟ್ಟ ಸೆಲ್‌ನಲ್ಲಿ.)
3. ಇಂದು ಬಿಲ್ ಮತ್ತು ಖಾತರಿ ಸಮೇತ ಅಂಗಡಿಯಲ್ಲಿ ಸಿಗುತ್ತದೆಯೇ?

ನಿಮ್ಮ ಗುಂಪಿಗೆ ಈ ಸುದ್ದಿ ಬಂದರೆ ಇಷ್ಟನ್ನು ಕಾಪಿ ಮಾಡಿ ಹಾಕಿ: "ಖಾರದ ಅಂಶದಿಂದ ಸೋಲಾರ್ ಸೆಲ್ ಸುಧಾರಿಸಿದ್ದು ನಿಜ, ಆದರೆ ಪ್ರಯೋಗಾಲಯದಲ್ಲಿ ಮಾತ್ರ. ಇದರಿಂದ ಬ್ಯಾಡಗಿ ಮೆಣಸಿನಕಾಯಿ ಬೆಲೆ ಏರುವುದಿಲ್ಲ. ಹೊಸ ಪ್ಯಾನಲ್‌ಗೆ ಕಾಯಬೇಕಿಲ್ಲ, ಯಾರಿಗೂ ಮುಂಗಡ ಕೊಡಬೇಡಿ."