ಎತ್ತು ಸತ್ತ ಮನೆಗೆ ಹೋದಾಗ

2022ರಲ್ಲಿ ಚರ್ಮಗಂಟು ರೋಗದಿಂದ ರಾಜ್ಯದಲ್ಲಿ ಸಾವಿರಾರು ದನಗಳು ಸತ್ತವು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯ ರೈತರಿಗೆ ಈ ದುಃಖ ಹೊಸದಲ್ಲ. ಎತ್ತು ಸತ್ತ ಮನೆಗೆ ಹೋಗಿ, "ಹೋಗಲಿ ಬಿಡು, ಇನ್ನೊಂದು ತಂದರಾಯಿತು" ಎನ್ನಬೇಡಿ. ದಿನಾ ಹುಲ್ಲು, ನೀರು ಕೊಟ್ಟ ಹೆಣ್ಣುಮಗಳಿಗೆ ಅದು ಬರೀ ದುಡ್ಡಿನ ಮಾತಲ್ಲ.

ಮಕ್ಕಳಿಗೆ "ಸಂತೆಯಲ್ಲಿ ಮಾರಿದೆವು" ಎಂಬ ಸುಳ್ಳು ಬೇಡ. ಸತ್ತಿತೆಂದೇ ಹೇಳಿ, ಹೂ ಹಾಕಲಿ, ಆದರೆ ದೂರದಿಂದ. ದಿಢೀರನೆ ಸತ್ತು ಮೂಗು, ಬಾಯಿಯಿಂದ ಕಪ್ಪು ರಕ್ತ ಸೋರಿದ್ದರೆ ನೆರಡಿ ರೋಗವಿದ್ದೀತು; ಅದು ಮನುಷ್ಯರಿಗೂ ತಗಲುತ್ತದೆ. ಚರ್ಮ ಸುಲಿಯದೆ ಪಶುವೈದ್ಯರಿಗೆ ತಿಳಿಸಿ, ಆರಡಿ ಆಳದಲ್ಲಿ ಸುಣ್ಣ ಹಾಕಿ ಹೂಳಿ.

ಬಿತ್ತನೆ ಕಾಲವಾದರೆ ನೆರೆಯವರು ತಮ್ಮ ಜೋಡಿ ಕಟ್ಟಿ ಅವರ ಹೊಲ ಉತ್ತುಕೊಡಲಿ.