ಕಾಗದದ ನೆನಪು

ಮಳೆನೀರಿಗೆ ಕಾಗದದ ದೋಣಿ ಬಿಡದ ಬಾಲ್ಯವುಂಟೇ? ಅದನ್ನು ಕಲಿಸಿದ ಅಕ್ಕನೋ ಅಣ್ಣನೋ ‘ಹೀಗೆ ಮಡಿಸು, ಹಾಗೆ ತಿರುಗಿಸು’ ಎಂದಿದ್ದರೇ ಹೊರತು ಬರೆದು ಕೊಟ್ಟಿರಲಿಲ್ಲ. ಜಪಾನಿನ ಓರಿಗಾಮಿಯೂ ಬಹುಕಾಲ ಹೀಗೆಯೇ ಕೈಯಿಂದ ಕೈಗೆ ಸಾಗಿಬಂದ ವಿದ್ಯೆ. ‘ಓರಿ’ ಎಂದರೆ ಮಡಿಸುವುದು, ‘ಕಾಮಿ’ ಎಂದರೆ ಕಾಗದ.

ಈ ಕಲೆಗೆ ಮೂಲವಾದ ಮಡಿಕೆಗಳು ಎರಡೇ. ಹಾಳೆಯನ್ನು ನಮ್ಮತ್ತ ಮಡಿಸಿ ಬಿಡಿಸಿದರೆ ಗೆರೆ ತಗ್ಗಾಗಿ ಕಾಣುತ್ತದೆ, ಅದು ಕಣಿವೆ. ಆಚೆಗೆ ಮಡಿಸಿ ಬಿಡಿಸಿದರೆ ಗೆರೆ ಉಬ್ಬಿ ನಿಲ್ಲುತ್ತದೆ, ಅದು ಬೆಟ್ಟ. ಹಾಳೆಯನ್ನು ಮಗುಚಿದರೆ ಕಣಿವೆಯೇ ಬೆಟ್ಟ! ಉಳಿದುದೆಲ್ಲ ಇವೆರಡರ ಸಂಯೋಗ.

ಕ್ರೌಂಚ ಪಕ್ಷಿಯನ್ನೇ ನೋಡೋಣ. ಚೌಕ ಹಾಳೆಯ ಎರಡು ಕರ್ಣಗಳನ್ನು ಬೆಟ್ಟವಾಗಿಯೂ ಎರಡು ನಡುಗೆರೆಗಳನ್ನು ಕಣಿವೆಯಾಗಿಯೂ ಮಡಿಸಿ ಬಿಡಿಸಿರಿ. ಬಳಿಕ ನಾಲ್ಕು ಮೂಲೆಗಳನ್ನೂ ಮೇಲೆತ್ತಿ ಒಂದೆಡೆಗೆ ತಂದರೆ, ಹಾಳೆ ಬಲವಂತವಿಲ್ಲದೆ ಮಡಿಚಿಕೊಂಡು ಪುಟ್ಟ ಚೌಕವಾಗುತ್ತದೆ. ಈಗ ನಡುಬಿಂದುವಿನಲ್ಲಿ ಕೂಡುವ ಮಡಿಕೆಗಳನ್ನು ಎಣಿಸಿರಿ: ಕಣಿವೆ 4, ಬೆಟ್ಟ 2. ಚಪ್ಪಟೆಯಾಗಿ ಮಡಿಯುವ ಯಾವ ಆಕೃತಿಯಲ್ಲೇ ಆಗಲಿ, ಹಾಳೆಯ ಒಳಗಿನ ಯಾವ ಬಿಂದುವಿನಲ್ಲೇ ಆಗಲಿ, ಇವುಗಳ ಅಂತರ ಎರಡೇ. ಜುನ್ ಮಾಯೆಕಾವಾ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮವಿದು. ಕೊನೆಗೆ ಹಕ್ಕಿಯ ಕೊಕ್ಕಿಗಾಗಿ ಕತ್ತಿನ ತುದಿಯನ್ನು ಪದರಗಳ ನಡುವೆ ಒಳಕ್ಕೆ ತಿರುಗಿಸುವಾಗ, ಅದರ ಬೆನ್ನಿನ ಬೆಟ್ಟವೇ ಕಣಿವೆಯಾಗಿ ಮಗುಚಿಕೊಳ್ಳುತ್ತದೆ.

ಮಾಡಿದ ಹಕ್ಕಿಯನ್ನು ಬಿಡಿಸಿ ಹಾಸಿದರೆ ಮಡಿಕೆಗಳೆಲ್ಲ ಗೆರೆಗಳಾಗಿ ಉಳಿದಿರುತ್ತವೆ. ಗುರುವಿಲ್ಲದವನು ಅವನ್ನು ಓದಬಲ್ಲನೇ? ಗೆರೆ ಎಲ್ಲಿದೆಯೆಂಬುದನ್ನು ಕಾಗದ ಹೇಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೇಳದು. ಆ ಕ್ರಮವನ್ನು ಕಲಿಸಿದ ಕೈಯೊಡನೆ ವಿದ್ಯೆಯೂ ಮಣ್ಣಾಗುವ ಭಯವಿತ್ತು.

ಆ ಕೊರತೆಯನ್ನು ತುಂಬಿದವರು ಅಕಿರಾ ಯೋಶಿಜಾವಾ (1911–2005). ಕಾರ್ಖಾನೆಯ ಕೆಲಸ ತೊರೆದು, ಮನೆಮನೆಗೆ ತಿನಿಸು ಮಾರಿ ಬಡತನದಲ್ಲಿ ಬದುಕುತ್ತ ಈ ಕಲೆಯನ್ನೇ ನೆಚ್ಚಿದವರು ಅವರು. 1954ರಲ್ಲಿ ಹೊರಬಂದ ಅವರ ಪುಸ್ತಕ ಮಡಿಕೆಗೆ ಲಿಪಿಯನ್ನೇ ಕೊಟ್ಟಿತು. ಮುಂದೆ ಇತರರು ತಿದ್ದಿ ಬೆಳೆಸಿದ ಆ ಪದ್ಧತಿಯಲ್ಲಿ ತುಂಡುಗೆರೆ ಕಣಿವೆಯನ್ನೂ, ಗೆರೆ-ಚುಕ್ಕೆಗಳ ಸಾಲು ಬೆಟ್ಟವನ್ನೂ, ಬಾಣ ಮಡಿಸುವ ದಿಕ್ಕನ್ನೂ ತೋರಿಸುತ್ತವೆ. ಸಂಗೀತಕ್ಕೆ ಸ್ವರಲಿಪಿಯಿದ್ದಂತೆ. ಜಪಾನಿ ಭಾಷೆಯ ಒಂದಕ್ಷರ ತಿಳಿಯದವರೂ ಈಗ ಚಿತ್ರ ನೋಡಿ ಹಕ್ಕಿ ಮಾಡಬಲ್ಲರು.

ಲಿಪಿ ಹೇಳಿಕೊಡದ ಮಾತೊಂದುಂಟು. ಮೂಲೆಗೆ ಮೂಲೆ ಸರಿಯಾಗಿ ಕೂಡಿದ ಮೇಲೆಯೇ ಉಗುರಿನಿಂದ ಗೆರೆಯನ್ನು ತೀಡಬೇಕು. ಮೊದಲ ಮಡಿಕೆ ಕೂದಲೆಳೆಯಷ್ಟು ತಪ್ಪಿದರೂ ಕಟ್ಟಕಡೆಗೆ ಕೊಕ್ಕು ಸೊಟ್ಟಗಾದೀತು. ತಪ್ಪು ಗೆರೆಯನ್ನು ಎಷ್ಟು ಸವರಿದರೂ ಕಾಗದ ಮರೆಯುವುದಿಲ್ಲ.